ಒಂದೇ ಊರಿನಲ್ಲಿದ್ದೂ ಹೂಗುಚ್ಛ ಕಳಿಸಬೇಕಾ?

ಪರ: ಹೋಗಲು ಆಗದಾಗ ಹೂವಾದರೂ ಹೋಗಲಿ

ಆರು ವರ್ಷದ ಹಿಂದಿನ ಮಾತು. ಐದನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ಫೋನು ಎತ್ತುವುದನ್ನೇ ಬಿಟ್ಟೆ. ನೋಡಲು ಬಂದವರೆಲ್ಲ ಒಳ್ಳೆಯವರೇ. ಆದರೆ ಬಂದವರನ್ನು ಕೂರಿಸಬೇಕು, ಕಾಫಿ ಕೊಡಬೇಕು. ‘ಹೇಗಾಯ್ತು? ಡಾಕ್ಟ್ರು ಏನಂದ್ರು?’ ಅಂತ ಕೇಳಿದರೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಮೂರನೇ ಸಲ ಹೇಳುವಾಗ ನನಗೆ ಬಾಯೇ ಬರಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಹೂವಿನಂಗಡಿಯ ಹುಡುಗ ಬಂದು ಒಂದು ಗುಚ್ಛ ಕೊಟ್ಟು ಹೋದ. ಬಿಳಿ ಸುಗಂಧರಾಜ, ಜೊತೆಗೆ ತಿಳಿ ಹಳದಿ ಸೇವಂತಿಗೆ. ಕಳಿಸಿದ್ದು ನನ್ನ ಕಾಲೇಜಿನ ಗೆಳತಿ. ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಮಾತಾಡೋದು ಬೇಡ ಕಣೇ. ಫೋನೂ ಮಾಡ್ಬೇಡ. ನಾನಿದೀನಿ.’

ಸುಗಂಧರಾಜದ ಮೊಗ್ಗು ಒಟ್ಟಿಗೇ ಬಿರಿಯುವುದಿಲ್ಲ. ಕಡ್ಡಿಯ ಕೆಳಗಿನಿಂದ ಶುರುವಾಗಿ ದಿನಕ್ಕೆ ಒಂದೆರಡರಂತೆ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ರಾತ್ರಿ ಹೊತ್ತು ಘಮ ಜಾಸ್ತಿ. ನಿದ್ದೆ ಬಾರದ ಆ ರಾತ್ರಿಗಳಲ್ಲಿ ಕತ್ತಲಲ್ಲಿ ಮಲಗಿ ಆ ಘಮವನ್ನು ಎಳೆದುಕೊಳ್ಳುತ್ತಿದ್ದೆ. ಬೆಳಗ್ಗೆ ಎದ್ದು ಎಷ್ಟು ಅರಳಿದೆ ಅಂತ ನೋಡುತ್ತಿದ್ದೆ. ಆ ದಿನಗಳಲ್ಲಿ ನಾನು ಎದ್ದು ನೋಡಬೇಕು ಅಂದುಕೊಂಡದ್ದು ಅದೊಂದನ್ನೇ.

ನಮ್ಮಲ್ಲಿ ಹೂವಿಗೇನು ಬರ? ಹುಟ್ಟಿದಾಗಿನಿಂದ ಸಾಯುವವರೆಗೆ ಎಲ್ಲದಕ್ಕೂ ಹೂವಿದೆ. ಸೀಮಂತಕ್ಕೆ ಮೊಗ್ಗಿನ ಜಡೆ ಹಾಕುತ್ತೇವೆ, ಕರೆದು ಹೂ ಮುಡಿಸುತ್ತೇವೆ. ಅದೇ ಬಸುರಿನ ಮಗು ಉಳಿಯದೆ ಹೋದರೆ ಏನೂ ಇಲ್ಲ. ಅದಕ್ಕೊಂದು ಶಾಸ್ತ್ರವಿಲ್ಲ, ಒಂದು ಮಾತೂ ಇಲ್ಲ. ಮದುವೆ ಮುರಿದವಳಿಗೂ ಇಲ್ಲ, ಕೆಲಸ ಕಳೆದುಕೊಂಡವನಿಗೂ ಇಲ್ಲ. ಅಂಥವರ ಮನೆಗೆ ಏನು ಹಿಡಿದುಕೊಂಡು ಹೋಗಬೇಕೋ ತಿಳಿಯದೆ ಎಷ್ಟೋ ಜನ ಹೋಗುವುದನ್ನೇ ಬಿಡುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮತ್ತೆಯವರು ಮಾವ ತೀರಿಕೊಂಡಂದಿನಿಂದ ಹೂ ಮುಡಿಯುವುದನ್ನು ಬಿಟ್ಟರು. ನವರಾತ್ರಿಯಲ್ಲಿ, ವರಮಹಾಲಕ್ಷ್ಮಿಯಲ್ಲಿ ಅರಿಶಿನ ಕುಂಕುಮದ ತಟ್ಟೆ ಅವರನ್ನು ದಾಟಿಕೊಂಡು ಮುಂದೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರು ತಟ್ಟೆ ಬರುವ ಮೊದಲೇ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ. ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ನಾದಿನಿ ಕೆಂಪು ಗುಲಾಬಿಯ ಗುಚ್ಛ ಕಳಿಸಿದಳು. ‘ನನಗಾ? ನನ್ನ ಹೆಸರಿಗೇ ಬಂದಿದೆಯಾ?’ ಅಂತ ಎರಡು ಸಲ ಕೇಳಿದರು. ಗುಚ್ಛಕ್ಕೆ ಮುತ್ತೈದೆ, ಮುತ್ತೈದೆಯಲ್ಲ ಎಂಬ ಭೇದ ಗೊತ್ತಿಲ್ಲ. ಇದೊಂದೇ ಕಾರಣಕ್ಕೂ ನಾನು ಗುಚ್ಛದ ಪರ ನಿಲ್ಲುತ್ತೇನೆ.

‘ಒಂದೇ ಊರು, ಹೋಗಿ ಬರೋಕಾಗಲ್ವಾ?’ ಅಂತ ಕೇಳುತ್ತಾರೆ. ನಾನಿರುವುದು ಕೆಂಗೇರಿ, ಆ ಗೆಳತಿ ಯಲಹಂಕದಲ್ಲಿ. ಹೆಸರಿಗೆ ಎರಡೂ ಬೆಂಗಳೂರೇ. ಸಂಜೆ ಟ್ರಾಫಿಕ್‌ನಲ್ಲಿ ಹೊರಟರೆ ಅಷ್ಟು ಹೊತ್ತಿಗೆ ಮೈಸೂರು ತಲುಪಬಹುದು. ಅವಳಿಗೆ ಆಗ ಎರಡು ವರ್ಷದ ಮಗು, ಬ್ಯಾಂಕಿನ ಕೆಲಸ. ಮಗುವನ್ನು ಎತ್ತಿಕೊಂಡು ನನ್ನೆದುರು ಬರುವುದು ಹೇಗೆ ಎಂಬ ಸಂಕಟವೂ ಅವಳಿಗೆ ಇತ್ತಂತೆ. ಆಮೇಲೆ ಹೇಳಿದಳು. ಎರಡು ತಿಂಗಳು ಬಿಟ್ಟು ಒಬ್ಬಳೇ ಬಂದಳು, ಇಡೀ ದಿನ ಇದ್ದಳು. ಹೂವು ಕಳಿಸಿದ್ದರಿಂದ ಅವಳು ಬರುವುದು ತಪ್ಪಲಿಲ್ಲ. ಅವಳಿಗೆ ಬಾಗಿಲು ತೆಗೆಯುವುದು ನನಗೆ ಸುಲಭವಾಯಿತು.

ಇನ್ನು ಬೆಳೆಯುವವರ ವಿಷಯ. ನಮ್ಮ ಚಿಕ್ಕಪ್ಪ ದೊಡ್ಡಬಳ್ಳಾಪುರದ ಹತ್ತಿರ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುತ್ತಾರೆ. ದಿನಾ ಬೆಳಗ್ಗೆ ಹೂ ಕತ್ತರಿಸಲೇಬೇಕು. ಇಪ್ಪತ್ತು ಕಡ್ಡಿಗೊಂದು ಕಟ್ಟು. ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ಬೆಲೆ ಮೇಲಿನಿಂದ ಕೆಳಗೆ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಮಾಲು. ಕೊಳ್ಳುವವರು ಕೈಕಟ್ಟಿ ಕೂತರೆ ಬೆಲೆ ಇಳಿಯುತ್ತಲೇ ಹೋಗುತ್ತದೆ. 2020ರ ಲಾಕ್‌ಡೌನಿನಲ್ಲಿ ಮದುವೆ ಇಲ್ಲ, ದೇವಸ್ಥಾನ ಇಲ್ಲ. ಆದರೂ ಗಿಡ ಕೆಡಬಾರದು ಅಂತ ಚಿಕ್ಕಪ್ಪ ದಿನಾ ಹೂ ಕತ್ತರಿಸಿ ಗುಂಡಿಗೆ ಹಾಕುತ್ತಿದ್ದರು. ಆ ಮೇ ತಿಂಗಳಲ್ಲಿ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಪಾಲಿಹೌಸ್ ಕಟ್ಟಲು ಲಕ್ಷಗಟ್ಟಲೆ ಸಾಲ ಮಾಡಿದವರಿಗೆ ಅದು ಎಲ್ಲಿಗೆ ಸಾಕು?

ಆ ಪೆಟ್ಟಿನಿಂದ ಏಳುವ ಹೊತ್ತಿಗೆ, 2021ರ ಆಗಸ್ಟ್‌ನಲ್ಲಿ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಹೂಗುಚ್ಛ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಬಂತು. ಆಗ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. 2023ರಲ್ಲಿ ಸಿದ್ದರಾಮಯ್ಯ ಅವರೂ ನನಗೆ ಹಾರ, ಶಾಲು ಬೇಡ, ಪುಸ್ತಕ ಕೊಡಿ ಎಂದರು. ಪುಸ್ತಕ ಕೊಡುವುದು ಒಳ್ಳೆಯದೇ. ಮಂತ್ರಿಗಳ ಮೇಜಿನ ಮೇಲೆ ರಾಶಿ ಬೀಳುವ ಹೂವಿಗೆ ನಾನೂ ಅಳುವುದಿಲ್ಲ. ಆದರೆ ‘ಹೂವು ಕೊಡುವುದು ದುಂದು’ ಎಂಬ ಮಾತು ವೇದಿಕೆಯಿಂದ ಇಳಿದು ಮನೆಗಳಿಗೂ ಬಂದುಬಿಟ್ಟಿತು. ಅದು ನನಗೆ ಬೇಸರ.

ಹೂವಿನ ವ್ಯಾಪಾರ ಮದುವೆ ಹಬ್ಬಗಳನ್ನೇ ನಂಬಿಕೊಂಡಿದೆ. ಆಷಾಢ ಬಂತೆಂದರೆ ಮುಹೂರ್ತಗಳಿಲ್ಲ. ಪಿತೃಪಕ್ಷದಲ್ಲೂ ಅಷ್ಟೇ. ಗಿಡಕ್ಕೆ ಮಾತ್ರ ಆಷಾಢ ಗೊತ್ತಿಲ್ಲ, ಅದು ಹೂ ಬಿಡುತ್ತಲೇ ಇರುತ್ತದೆ. ಹುಟ್ಟುಹಬ್ಬ, ಹೊಸ ಕೆಲಸ, ಆಸ್ಪತ್ರೆಯಿಂದ ಮನೆಗೆ ಬಂದದ್ದು, ನಿವೃತ್ತಿ: ಇವೂ ಪಂಚಾಂಗ ನೋಡಿ ಬರುವುದಿಲ್ಲ. ವರ್ಷಪೂರ್ತಿ ಚೂರು ಚೂರು ಹೂವು ಖರ್ಚಾದರೆ ಬೆಳೆಯುವವರಿಗೆ ಉಸಿರಾಡಲು ಆಗುತ್ತದೆ.

ಕಳಿಸುವುದಾದರೆ ಅವರ ಮನೆಯ ಹತ್ತಿರದ ಹೂವಿನಂಗಡಿಗೇ ಫೋನ್ ಮಾಡಿ. ಫೋಟೋ ನೋಡಿ ಇಂಥದ್ದೇ ಬೇಕು ಅನ್ನಬೇಡಿ, ಇವತ್ತು ಬೆಳಗ್ಗೆ ತಾಜಾ ಏನು ಬಂದಿದೆ ಅಂತ ಕೇಳಿ. ಹೊಳೆಯುವ ಕಾಗದ ಬೇಡ ಅನ್ನಿ, ಸುತ್ತಲು ನ್ಯೂಸ್‌ಪೇಪರ್ ಸಾಕು. ಮತ್ತೆ ಚೀಟಿಯನ್ನು ನೀವೇ ಬರೆಯಿಸಿ. ಅಂಗಡಿಯವರ ಅಚ್ಚಿನ ಶುಭಾಶಯ ಯಾರಿಗೂ ಬೇಡ.

ಆ ಚೀಟಿ ಇವತ್ತಿಗೂ ನನ್ನ ಬೀರುವಿನಲ್ಲಿದೆ.

ವಿರೋಧ: ಕಳಿಸಬೇಡಿ, ತೆಗೆದುಕೊಂಡು ಹೋಗಿ

ಮೇಲಿನ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾರ ಮುಖವನ್ನೂ ನೋಡಲಾಗದ ದುಃಖದಲ್ಲಿ ಇರುವವರಿಗೆ ಹೂವು ಕಳಿಸುವುದನ್ನು ನಾನು ಬೇಡ ಎನ್ನಲಾರೆ. ಆದರೆ ನಾವು ಕಳಿಸುವ ಗುಚ್ಛಗಳಲ್ಲಿ ಅಂಥವು ಎಷ್ಟು? ನಾನು ಕಳಿಸಿದ್ದರ ಕತೆ ಹೇಳುತ್ತೇನೆ.

ನಮ್ಮದು ಉಡುಪಿ ಹತ್ತಿರ ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವ ಮನೆ. ನಾನು ಮಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಒಂದೂವರೆ ಗಂಟೆಯ ದಾರಿ. ಎರಡು ವರ್ಷದ ಹಿಂದೆ ಅಮ್ಮನ ಹುಟ್ಟಿದ ದಿನ ಶನಿವಾರ ಬಂತು. ಆಫೀಸು ರಜೆ. ಹೋಗಬಹುದಿತ್ತು. ಮುಂದಿನ ವಾರ ಹೋದರಾಯಿತು ಎಂದುಕೊಂಡು ಫೋನಿನಲ್ಲೇ ಉಡುಪಿಯ ಅಂಗಡಿಯೊಂದಕ್ಕೆ ದುಡ್ಡು ಹಾಕಿದೆ. ಬುಟ್ಟಿಯಲ್ಲಿ ಜೋಡಿಸಿದ ಜರ್ಬೆರಾ, ಕಾರ್ನೇಷನ್, ಗುಲಾಬಿ. ಮಧ್ಯಾಹ್ನ ಅಮ್ಮ ಫೋನ್ ಮಾಡಿದರು. ‘ಚಂದ ಉಂಟು ಮಗಾ. ಆದರೆ ಇದನ್ನು ಎಂತ ಮಾಡುವುದು? ಮುಡಿಯಲಿಕ್ಕೆ ಆಗುವುದಿಲ್ಲ. ದೇವರಿಗೆ ಇಡಲಿಕ್ಕೂ ಮನಸ್ಸು ಬರುವುದಿಲ್ಲ.’ ಆಮೇಲೆ ಒಂದು ಕ್ಷಣ ಬಿಟ್ಟು ಕೇಳಿದರು: ‘ನೀನು ಯಾವಾಗ ಬರುವುದು?’

ಅಮ್ಮ ಬೆಳಕು ಹರಿಯುವ ಹೊತ್ತಿಗೆ ಗಿಡಗಳ ನಡುವೆ ಇರುತ್ತಾರೆ. ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕು. ಆಮೇಲೆ ಚಾವಡಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುವ ಕೆಲಸ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆ ಮಾರಿದರೆ 3,200 ಮೊಗ್ಗು ಅವರ ಬೆರಳಿನ ನಡುವೆ ದಾಟಿ ಹೋಗಿರುತ್ತದೆ. ಅಟ್ಟೆಗೆ ಇವತ್ತಿನ ದರ ಎಷ್ಟು ಎಂದು ಶಂಕರಪುರದಲ್ಲಿ ದಿನಾ ಗೊತ್ತಾಗುತ್ತದೆ. ಕೊಡುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು.

ಗುಚ್ಛದಲ್ಲಿ ಹಾಗಲ್ಲ. ನೀವು ಕೊಟ್ಟ ದುಡ್ಡಿನಲ್ಲಿ ಹೂವಿನದು ಎಷ್ಟು, ಬಣ್ಣದ ಕಾಗದ, ರಿಬ್ಬನ್, ಬುಟ್ಟಿ, ಡೆಲಿವರಿಯದು ಎಷ್ಟು ಎಂದು ಒಮ್ಮೆ ಅಂಗಡಿಯಲ್ಲಿ ಕೇಳಿ ನೋಡಿ. ಬೆಳೆಗಾರರ ಕಷ್ಟ ನನಗೂ ಗೊತ್ತು, ನಾನೂ ಹೂವಿನ ದುಡ್ಡಲ್ಲಿ ಓದಿದವನು. ಬೆಳೆಗಾರರ ಕೈ ಹಿಡಿಯಬೇಕು ಅನ್ನುವುದಾದರೆ ಬಿಡಿಹೂವು ಕೊಳ್ಳಿ, ಕಟ್ಟಿದ ಹೂವು ಕೊಳ್ಳಿ. ಗುಲಾಬಿ ಬೇಕಾದರೆ ಇಪ್ಪತ್ತರ ಕಟ್ಟನ್ನೇ ಕೊಂಡು ಹಾಗೆಯೇ ಕೈಗೆ ಕೊಡಿ.

ಆ ಬುಟ್ಟಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಹೂವು ಬಾಡಿದ ಮೇಲೆ ಅಮ್ಮ ಒಳಗಿದ್ದ ಹಸಿರು ಇಟ್ಟಿಗೆಯಂಥದ್ದನ್ನು ಹೊರತೆಗೆದರು. ನೀರು ಕುಡಿದು ಮೆತ್ತಗೆ ಆಗಿತ್ತು. ಏನೋ ಗೊಬ್ಬರ ಇರಬೇಕು ಎಂದು ಪುಡಿ ಮಾಡಿ ಮಲ್ಲಿಗೆಯ ಬುಡಕ್ಕೆ ಹಾಕಿದರು. ಅಮ್ಮ ಯಾವುದನ್ನೂ ಬಿಸಾಡುವವರಲ್ಲ. ಮುಂದಿನ ವಾರ ನಾನು ಹೋದಾಗ ಬುಡದಲ್ಲಿ ಹಸಿರು ಪುಡಿ ಹಾಗೆಯೇ ಇತ್ತು. ಅದು ಗೊಬ್ಬರವಲ್ಲ, ಹೂ ಜೋಡಿಸುವ ಫೋಮ್. 1954ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಫೀನಾಲ್, ಫಾರ್ಮಾಲ್ಡಿಹೈಡ್‌ಗಳಿಂದ ಮಾಡಿದ ಪ್ಲಾಸ್ಟಿಕ್ ಅದು. ಮಣ್ಣಿನಲ್ಲಿ ಕರಗುವುದಿಲ್ಲ, ಒಡೆದು ಒಡೆದು ಸಣ್ಣದಾಗುತ್ತದೆ ಅಷ್ಟೇ. ಲಂಡನ್ನಿನ ಚೆಲ್ಸಿ ಹೂವಿನ ಪ್ರದರ್ಶನ ನಡೆಸುವ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ಬಳಸಬಾರದು ಎಂದಿದೆ. ನಾನು ಅರ್ಧ ದಿನ ಕುಕ್ಕರಗಾಲಲ್ಲಿ ಕೂತು ಆ ಪುಡಿಯನ್ನು ಆರಿಸಿದೆ. ಪೂರ್ತಿ ಬರಲಿಲ್ಲ. ನಮ್ಮ ಮನೆಯ ಮಣ್ಣಿಗೆ ಅದನ್ನು ಕಳಿಸಿದವನು ನಾನೇ ಎಂಬುದು ಇನ್ನೂ ಚುಚ್ಚುತ್ತದೆ.

ಮದುವೆ ರಿಸೆಪ್ಷನ್ ಮುಗಿದ ಮರುದಿನ ಬೆಳಗ್ಗೆ ಮದುವೆ ಹಾಲ್‌ಗೆ ಹೋಗಿ ನೋಡಿದ್ದೀರಾ? ತಂಗಿಯ ಮದುವೆಯಲ್ಲಿ ನಾನು ನೋಡಿದೆ. ವೇದಿಕೆಯ ಹಿಂದೆ ಗುಚ್ಛಗಳ ರಾಶಿ. ಯಾರು ಕೊಟ್ಟದ್ದು ಯಾವುದು ಎಂದು ಗೊತ್ತಿಲ್ಲ. ಗುಡಿಸಲು ಬಂದ ಹೆಂಗಸು ಕೇಳಿದರು, ‘ಇದು ಹಸಿ ಕಸವಾ, ಒಣ ಕಸವಾ?’ ಒಂದೊಂದು ಜರ್ಬೆರಾಕ್ಕೂ ಪ್ಲಾಸ್ಟಿಕ್ ಕಪ್, ಕಡ್ಡಿಗೆ ತಂತಿ, ಸುತ್ತಲೂ ಜಾಲರಿ, ಅದರ ಮೇಲೆ ಹಾಳೆ, ರಿಬ್ಬನ್. ಬಿಡಿಸುತ್ತಾ ಕೂತರೆ ಮಧ್ಯಾಹ್ನವಾಗುತ್ತದೆ. ಎಲ್ಲವೂ ಒಂದೇ ಚೀಲಕ್ಕೆ ಹೋಯಿತು.

ಆಸ್ಪತ್ರೆಗೆ ಕಳಿಸುವವರು ಇನ್ನೂ ಸ್ವಲ್ಪ ಯೋಚಿಸಬೇಕು. ಐಸಿಯುಗಳಲ್ಲಿ ಸಾಮಾನ್ಯವಾಗಿ ಹೂವನ್ನು ಒಳಗೆ ಬಿಡುವುದಿಲ್ಲ. ಹೂದಾನಿಯ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ವಾರ್ಡಿನಲ್ಲಿ ಪಕ್ಕದ ಮಂಚದವರಿಗೆ ಉಬ್ಬಸ ಇರಬಹುದು. ಹಣ್ಣಿನ ಬುಟ್ಟಿಯ ಜೊತೆ ಹೂವು ಇಟ್ಟು ಕಳಿಸುವುದಂತೂ ದುಡ್ಡು ದಂಡ. ಮಾಗುವ ಬಾಳೆಹಣ್ಣು, ಸೇಬು ಎಥಿಲೀನ್ ಅನಿಲ ಬಿಡುತ್ತವೆ, ಕಾರ್ನೇಷನ್ ಅದಕ್ಕೆ ಬೇಗ ಮುದುಡಿಕೊಳ್ಳುತ್ತದೆ.

ಆದರೆ ನನ್ನ ದೊಡ್ಡ ತಕರಾರು ಕಸದ್ದಲ್ಲ. ನಮ್ಮಲ್ಲಿ ಹೂವು ಹಂಚುವ ವಸ್ತು. ಒಂದು ಚೆಂಡು ಮಲ್ಲಿಗೆ ಮನೆಗೆ ಬಂದರೆ ಮೊದಲು ದೇವರಿಗೆ ಒಂದು ತುಂಡು. ಆಮೇಲೆ ಅತ್ತಿಗೆಗೆ, ಮಗಳಿಗೆ, ಪಕ್ಕದ ಮನೆಯವರಿಗೆ, ಬಸ್ಸಿಗೆ ಹೊರಟ ನೆಂಟರಿಗೆ. ಕತ್ತರಿ ಬೇಡ, ಕೈಯಲ್ಲೇ ಹರಿದು ಕೊಡುತ್ತಾರೆ. ಸಂಜೆ ಹೊತ್ತಿಗೆ ಬೀದಿಯಲ್ಲಿ ನಾಲ್ಕು ತಲೆಯಲ್ಲಿ ಅದೇ ಹೂವು ಇರುತ್ತದೆ. ಗುಚ್ಛ ಹಾಗೆ ಹರಿದು ಕೊಡುವಂಥದ್ದಲ್ಲ. ಬಂದ ಜಾಗದಲ್ಲೇ ಕೂತು ಅಲ್ಲೇ ಬಾಡುತ್ತದೆ.

ಗಂಡ ಸತ್ತವರ ಮುಂದೆ ಹೂವಿನ ತಟ್ಟೆ ನಿಲ್ಲುವುದಿಲ್ಲ ಎಂಬ ಮಾತು ನಿಜ, ಅದು ತಪ್ಪು, ನಮಗೆಲ್ಲ ನಾಚಿಕೆಯಾಗಬೇಕು. ಆದರೆ ಅವರಿಗೆ ಗುಲಾಬಿಯ ಗುಚ್ಛ ಕಳಿಸಿ, ತಟ್ಟೆ ಮಾತ್ರ ಹಾಗೆಯೇ ದಾಟಿಕೊಂಡು ಹೋಗುವುದಾದರೆ ಏನು ಬದಲಾಯಿತು? ಆ ತಟ್ಟೆ ಹಿಡಿದವರು ಅವರೆದುರು ನಿಲ್ಲಬೇಕು. ಎಲ್ಲರಿಗೂ ಕೊಟ್ಟ ಅದೇ ಮಲ್ಲಿಗೆಯನ್ನು ಅವರ ಕೈಗೂ ಕೊಡಬೇಕು. ಅದನ್ನು ಅಂಗಡಿಯ ಹುಡುಗನ ಕೈಯಲ್ಲಿ ಮಾಡಿಸಲು ಆಗುವುದಿಲ್ಲ.

ಬೆಂಗಳೂರಿನ ಟ್ರಾಫಿಕ್ ನನಗೆ ಅಷ್ಟು ಗೊತ್ತಿಲ್ಲ. ನನ್ನ ದಾರಿಯಲ್ಲಿ ಅಂಥ ಅಡ್ಡಿ ಇರಲಿಲ್ಲ. ಗುಚ್ಛ ಕಳಿಸುವುದು ಅಷ್ಟು ಸುಲಭ ಇರದಿದ್ದರೆ ಅವತ್ತು ನಾನು ಖಂಡಿತ ಬಸ್ಸು ಹತ್ತುತ್ತಿದ್ದೆ. ನನ್ನ ಸಿಟ್ಟು ಆ ಸುಲಭದ ಮೇಲೆ. ಹೂವು ತಲುಪಿತು ಎಂದು ಫೋನಿಗೆ ಸಂದೇಶ ಬಂದ ಕೂಡಲೇ ನನಗೆ ಹೋಗಿ ಬಂದಷ್ಟೇ ಸಮಾಧಾನವಾಗಿಬಿಟ್ಟಿತ್ತು.

ಕಳೆದ ವರ್ಷ ಅಮ್ಮನ ಹುಟ್ಟಿದ ದಿನಕ್ಕೆ ಹಿಂದಿನ ರಾತ್ರಿಯೇ ಹೋದೆ. ಹೂ ಬೆಳೆಯುವವರ ಮನೆಗೆ ಹೂವು ತೆಗೆದುಕೊಂಡು ಹೋಗಲು ಆಗುತ್ತದಾ? ಬರಿಗೈಯಲ್ಲೇ ಹೋದೆ. ಬೆಳಗ್ಗೆ ಅಮ್ಮನ ಜೊತೆ ಎದ್ದು ಮೊಗ್ಗು ಕೊಯ್ದೆ. ಚಾವಡಿಯಲ್ಲಿ ಅವರ ಎದುರು ಕೂತು ನಾನೂ ಒಂದು ಚೆಂಡು ಕಟ್ಟಿದೆ. ಸಣ್ಣವನಿದ್ದಾಗ ಕಲಿತದ್ದು ಕೈಗೆ ಪೂರ್ತಿ ಮರೆತಿರಲಿಲ್ಲ. ಆದರೂ ಗಂಟು ಸಡಿಲವಾಗಿತ್ತು, ಅಲ್ಲಲ್ಲಿ ಮೊಗ್ಗು ಜಾರುತ್ತಿತ್ತು. ಮಾರಲಿಕ್ಕೆ ಇದು ಆಗುವುದಿಲ್ಲ ಎಂದು ಅಮ್ಮ ಅದನ್ನು ಬೇರೆ ತೆಗೆದಿಟ್ಟರು. ಸ್ನಾನ ಮಾಡಿ ಬಂದು ಅದರಲ್ಲೇ ಒಂದು ತುಂಡು ಹರಿದು ಮುಡಿದುಕೊಂಡರು.