ಬಾವಿಯ ನೀರು ನಾರಿದರೆ ಮೊದಲು ಹುಡುಕಬೇಕಾದದ್ದು ಬ್ಲೀಚಿಂಗ್ ಪೌಡರ್ ಅಲ್ಲ

ಆಟಿ ತಿಂಗಳ ಮಳೆಗೆ ನಮ್ಮ ಕರಾವಳಿಯ ಬಾವಿಗಳು ಕೈಗೆಟಕುವಷ್ಟು ತುಂಬುತ್ತವೆ. ಉಡುಪಿ, ಮಣಿಪಾಲ, ಸುರತ್ಕಲ್ ಕಡೆಯ ಪರಿಚಿತರು "ಬಾವಿ ನೀರು ನಾರುತ್ತಿದೆ, ಏನು ಹಾಕಬೇಕು?" ಎಂದು ಕೇಳಲು ಆರಂಭಿಸುವುದೂ ಅದೇ ಹೊತ್ತಿಗೆ. ಏನು ಹಾಕಬೇಕು ಎಂಬುದಕ್ಕಿಂತ ಮೊದಲು ಆ ವಾಸನೆ ಎಲ್ಲಿಂದ ಬಂತು ಎಂದು ತಿಳಿಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಮೂಲವನ್ನು ಹುಡುಕದೆ ಪೌಡರ್ ಸುರಿದರೆ ವಾಸನೆ ಕೆಲವು ದಿನ ಅಡಗುತ್ತದೆ, ನೀರಿನ ಪರೀಕ್ಷೆಯಲ್ಲಿ ಗೊತ್ತಾಗಬೇಕಿದ್ದ ಸಂಗತಿಯೂ ಮರೆಯಾಗುತ್ತದೆ.

ಬಾವಿಯಿಂದ ನೇರವಾಗಿ ಸೇದಿದ ನೀರನ್ನೂ ಅಡುಗೆಮನೆಯ ನಳ್ಳಿಯ ನೀರನ್ನೂ ಬೇರೆ ಬೇರೆ ಲೋಟದಲ್ಲಿ ಹಿಡಿದು ಮೂಸಿ ನೋಡಬೇಕು. ನಳ್ಳಿಯದು ಮಾತ್ರ ನಾರಿದರೆ ದೋಷ ಟ್ಯಾಂಕಿನಲ್ಲೋ ಪೈಪಿನಲ್ಲೋ ಇದೆ. ಬಿಸಿನೀರು ಮಾತ್ರ ನಾರಿದರೆ ಗೀಸರಿನೊಳಗಿನ ಮೆಗ್ನೀಸಿಯಂ ಸರಳು ಕಾರಣವಾಗಿರಬಹುದು. ಬಾವಿಯ ನೀರಿಗೇ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಅದು ಹೈಡ್ರೋಜನ್ ಸಲ್ಫೈಡ್. ತಳದಲ್ಲಿ ಎಲೆ, ಕಸ ಕೊಳೆತು ಆಮ್ಲಜನಕ ಮುಗಿದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟನ್ನು ಈ ಅನಿಲವಾಗಿ ಮಾರ್ಪಡಿಸುತ್ತವೆ. ಮನೆಯವರು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇದ್ದು, ವರ್ಷವಿಡೀ ಸೇದದೆ ಬಿಟ್ಟ ಬಾವಿಗಳಲ್ಲಿ ಹೀಗಾಗುವುದುಂಟು. ನೀರಿನ ಮೇಲೆ ಎಣ್ಣೆಯಂಥ ಪೊರೆ ಕಂಡರೆ ಕಡ್ಡಿಯಿಂದ ಕದಡಿ ನೋಡಿ: ಚೂರುಚೂರಾಗಿ ಒಡೆದು ಹಾಗೆಯೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ, ಕೆಂಪುಕಲ್ಲಿನ ನೆಲದಲ್ಲಿ ಅಚ್ಚರಿಯಿಲ್ಲ, ಮತ್ತೆ ಕೂಡಿಕೊಂಡರೆ ಡೀಸೆಲ್‌ನಂಥದ್ದು ಸೇರಿರುವ ಸಂಶಯ ಪಡಬೇಕು.

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಮಳೆಗಾಲದಲ್ಲಿ ಮಾತ್ರ ಬರುವ ಚರಂಡಿಯ ವಾಸನೆ. ಕೆಂಪುಕಲ್ಲಿನ ಪದರದಲ್ಲಿ ಸಂದು, ತೂತುಗಳು ಹೇರಳ. ಅಂತರ್ಜಲ ಶೌಚಾಲಯದ ಪಿಟ್ಟಿನ (ಇಂಗುಗುಂಡಿಯ) ತಳದವರೆಗೆ ಏರಿದಾಗ ಮಣ್ಣು ಸೋಸುವ ಕೆಲಸವೇ ನಡೆಯದೆ ಕೊಳಚೆ ನೇರವಾಗಿ ಬಾವಿಗೆ ಹರಿಯಬಹುದು. ಬಾವಿಗೂ ಪಿಟ್ಟಿಗೂ ಕನಿಷ್ಠ 15 ಮೀಟರ್ ಅಂತರವಿರಬೇಕು ಎಂಬುದು ಆರೋಗ್ಯಶಾಸ್ತ್ರದ ಸಾಮಾನ್ಯ ಸಲಹೆ, ಇಂಥ ನೆಲದಲ್ಲಿ ಅದೂ ಸಾಲದಿರಬಹುದು. ಆದರೆ ಐದು ಸೆಂಟ್ಸ್ ಚೌಕ ಜಾಗದ ಒಂದು ಬದಿಯೇ ಸುಮಾರು 14 ಮೀಟರ್. ಬಾವಿಯನ್ನು ಈಶಾನ್ಯಕ್ಕೆ, ಪಿಟ್ಟನ್ನು ವಾಯುವ್ಯಕ್ಕೆ ಇಡಬೇಕೆಂದು ವಾಸ್ತು ಹೇಳುವವರು ಸೂಚಿಸುತ್ತಾರೆ. ಸಾಲುಮನೆಗಳೆಲ್ಲ ಇದನ್ನೇ ಪಾಲಿಸಿದರೆ ಪೂರ್ವದ ಮನೆಯ ಪಿಟ್ಟು ನಮ್ಮ ಬಾವಿಯ ಆಚೆ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡೇ ಬರುತ್ತದೆ! ಎಲ್ಲರೂ ತಮ್ಮ ಪಿಟ್ಟಿನಿಂದ ತಮ್ಮ ಬಾವಿಗೆ ಅಳೆಯುತ್ತಾರೆ, ಗೋಡೆಯಾಚೆಗೆ ಅಳೆಯುವವರು ಕಡಿಮೆ. ಮನೆ ಕಟ್ಟಲು ಪರವಾನಗಿ ಕೊಡುವಾಗ ಸುತ್ತಲಿನ ಮನೆಗಳ ಬಾವಿ, ಪಿಟ್ಟುಗಳನ್ನೂ ನಕ್ಷೆಯಲ್ಲಿ ಗುರುತಿಸುವುದನ್ನು ಪಂಚಾಯತ್ ಮತ್ತು ನಗರಸಭೆಗಳು ಕಡ್ಡಾಯ ಮಾಡಬೇಕು. ನಮ್ಮ ಬೀದಿಯಲ್ಲಿ ಎರಡು ಮನೆಯವರು ಜಗಲಿಯಲ್ಲಿ ಕುಳಿತು ಮಾತಾಡಿ, ಖರ್ಚನ್ನು ಹಂಚಿಕೊಂಡು ಒಂದು ಪಿಟ್ಟನ್ನು ರಸ್ತೆಯ ಬದಿಗೆ ಬದಲಾಯಿಸಿದರು. ಜಗಳವಾಡಿದ್ದರೆ ಅದು ಆಗುತ್ತಿರಲಿಲ್ಲ.

ಇಂಥ ಸಂಶಯವಿದ್ದಾಗ ಏನನ್ನೂ ಹಾಕುವ ಮೊದಲೇ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಡಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಇ-ಕೊಲೈ ಬ್ಯಾಕ್ಟೀರಿಯಾ ಒಂದೂ ಇರಕೂಡದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಕೂಡದು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಎಳೆಗೂಸುಗಳಿರುವ ಮನೆಯವರು ಇದನ್ನು ಗಮನಿಸಲೇಬೇಕು. ಸುಣ್ಣ, ಉಪ್ಪು, ನೆಲ್ಲಿಮರದ ತುಂಡು ಹಾಕುವ ರೂಢಿಯ ಬಗ್ಗೆ ನನಗೆ ಅನಾದರವಿಲ್ಲ, ಆದರೆ ಪಿಟ್ಟಿನ ನೀರು ಒಸರುವ ಬಾವಿಯನ್ನು ಅವು ಕಾಪಾಡಲಾರವು. ಇದ್ದಿಲಿನ ಫಿಲ್ಟರ್ ವಾಸನೆಯನ್ನು ಹೀರಿಕೊಳ್ಳಬಹುದು, ಅದನ್ನೊಂದೇ ನಂಬಿ ಆ ನೀರು ಕುಡಿಯಬಾರದು.

ಮೂಲ ಸರಿಪಡಿಸಿದ ಮೇಲೆ ಬ್ಲೀಚಿಂಗ್ ಪೌಡರಿಗೆ ಖಂಡಿತ ಸ್ಥಾನವಿದೆ. ಸಾಮಾನ್ಯ ಪ್ರಮಾಣ 1,000 ಲೀಟರಿಗೆ 2.5 ಗ್ರಾಂ. ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 20,000 ಲೀಟರ್, ಬೇಕಾಗುವುದು 50 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಪೌಡರಿನಲ್ಲಿರುವ ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬೆರೆಸಿ ಕನಿಷ್ಠ ಒಂದು ಗಂಟೆ ಕಾಯಬೇಕು.

ಬೇಸಿಗೆಯ ಕೊನೆಗೆ ಕೆಸರು ತೆಗೆಸುವಾಗ ಹೆಚ್ಚಿನ ಎಚ್ಚರ ಬೇಕು. ಮೊಟ್ಟೆಯ ವಾಸನೆಯ ಬಾವಿಗೆ ಯಾರನ್ನೂ ಹಾಗೆಯೇ ಇಳಿಸಬೇಡಿ. ಕೆಸರು ಕದಡಿದಾಗ ಅನಿಲ ಒಮ್ಮೆಲೇ ಹೊರಬರುತ್ತದೆ, ಅದು ಹೆಚ್ಚಾದಾಗ ಮೂಗಿನ ಶಕ್ತಿಯೇ ಕುಂದುವುದರಿಂದ "ವಾಸನೆ ಹೋಯಿತು" ಎಂಬ ಭ್ರಮೆ ಹುಟ್ಟುತ್ತದೆ. ದೀಪ ಇಳಿಸಿ ನೋಡುವ ಹಳೆಯ ಕ್ರಮ ಆಮ್ಲಜನಕದ ಕೊರತೆಯನ್ನು ತೋರಿಸಬಹುದೇ ಹೊರತು ಈ ವಿಷವನ್ನಲ್ಲ. ಅನಿಲ ಅಳೆಯುವ ಉಪಕರಣ, ಗಾಳಿ ಊದುವ ವ್ಯವಸ್ಥೆ, ಸೊಂಟಕ್ಕೆ ಹಗ್ಗ, ಮೇಲೆ ಜನ ಇಲ್ಲದೆ ಕೆಲಸ ಆರಂಭವಾಗಕೂಡದು, ಡೀಸೆಲ್ ಪಂಪನ್ನು ಬಾವಿಯೊಳಗೆ ಇಡಲೇಕೂಡದು. ಒಳಗಿದ್ದವರು ಕುಸಿದುಬಿದ್ದರೆ ಎತ್ತಲೆಂದು ಇನ್ನೊಬ್ಬರು ಹಿಂದೆಯೇ ಇಳಿಯದೆ ಅಗ್ನಿಶಾಮಕ ದಳವನ್ನು ಕರೆಯಬೇಕು.