ಕಡಲಿಗೊಂದು ನಾಮಫಲಕ

ಮಂಗಳೂರಿನಿಂದ ಬೈಂದೂರಿನವರೆಗೆ ಕಡಲ ಬದಿಯಲ್ಲೇ ಸಾಗುತ್ತ ನಿಸರ್ಗದ ಫೋಟೋ ತೆಗೆಯಲು ಹೊರಟವರು ಎಲ್ಲಿ ಗಾಡಿ ನಿಲ್ಲಿಸಬೇಕೆಂಬುದನ್ನು ಒಂದು ಕಾಲದಲ್ಲಿ ಬೆಳಕು, ಮೋಡ, ಉಬ್ಬರವಿಳಿತಗಳನ್ನು ನೋಡಿ ತೀರ್ಮಾನಿಸಬೇಕಾಗಿತ್ತು. ಜನಹಿತ ಬಯಸುವ ಆಡಳಿತವು ಈ ತಲೆನೋವನ್ನು ಈಗ ನಿವಾರಿಸಿದೆ. ‘ಐ ಲವ್’ ಎಂದು ಶುರುವಾಗಿ ಊರಿನ ಹೆಸರಿನಲ್ಲಿ ಮುಗಿಯುವ ಆಳೆತ್ತರದ ಇಂಗ್ಲಿಷ್ ಅಕ್ಷರಗಳು ಎಲ್ಲಿವೆಯೋ ಅಲ್ಲಿ ನೋಡತಕ್ಕದ್ದು ಇದೆ. ಎಲ್ಲಿ ಇಲ್ಲವೋ ಅಲ್ಲಿ ಬರಿಯ ಸಮುದ್ರವಿದೆ.

ಈ ಸೆಲ್ಫಿ ಪಾಯಿಂಟ್‌ಗಳ ಸ್ಥಳ ನಿರ್ಣಯದಲ್ಲಿ ತೋರಿದ ಜಾಣ್ಮೆಯನ್ನು ಮೆಚ್ಚಲೇಬೇಕು. ಇಡೀ ದಡದಲ್ಲಿ ದಿಗಂತ ಅಡೆತಡೆಯಿಲ್ಲದೆ ಕಾಣುವ ಜಾಗವನ್ನೇ ಹುಡುಕಿ, ಅಲ್ಲಿ ಕಾಂಕ್ರೀಟ್ ಕಟ್ಟೆ ಕಟ್ಟಿ, ಅದರ ಮೇಲೆ ಅಕ್ಷರಗಳನ್ನು ನಿಲ್ಲಿಸಲಾಗುತ್ತದೆ. ನಮ್ಮ ಕಡಲು ಪಶ್ಚಿಮಕ್ಕಿರುವುದರಿಂದ ಸಂಜೆ ಅವುಗಳ ಮುಂದೆ ನಿಂತವರ ಮುಖ ಕಪ್ಪಗೆ ಬರುತ್ತದೆ. ಅದಕ್ಕೆಂದು ಫ್ಲ್ಯಾಶ್ ಹಾಕಿದರೆ ಮುಖ ಬೆಳ್ಳಗಾಗಿ, ಸ್ಟೀಲಿನ ಹೊಳಪು ಕಣ್ಣು ಕುಕ್ಕಿ, ಹಿಂದಿನ ಆಕಾಶ ಮಂಕಾಗುತ್ತದೆ. ಅಷ್ಟರಲ್ಲಿ ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಉಪ್ಪುಗಾಳಿಗೆ ಒಳಗಿನ ವೈರು ಹಾಳಾಗಿ ಹೃದಯವೊಂದು ಬಿಟ್ಟು ಮಿಕ್ಕೆಲ್ಲ ಉರಿಯುವುದೂ ಉಂಟು.

ಮರವಂತೆಯ ಸಮಸ್ಯೆ ಬೇರೆ. ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕೆ, ನಡುವೆ ರಾಷ್ಟ್ರೀಯ ಹೆದ್ದಾರಿ 66 ಇರುವ ಆ ಪ್ರಸಿದ್ಧ ಚಿತ್ರ ಆಕಾಶದಿಂದ ತೆಗೆದದ್ದು. ನೆಲದ ಮೇಲಿರುವವನಿಗೆ ಮುಖ ಮಾಡಿದರೆ ಕಡಲು, ಬೆನ್ನು ತಿರುಗಿಸಿದರೆ ನದಿ. ಎರಡನ್ನೂ ಒಂದೇ ಚೌಕಟ್ಟಿಗೆ ತರಲೇಬೇಕೆಂದು ಹೆದ್ದಾರಿಯ ಡಿವೈಡರ್ ಹತ್ತಿ ಮೊಬೈಲನ್ನು ನೆತ್ತಿಯ ಮೇಲಕ್ಕೆತ್ತಿದವರಿಗೆ ಕಡೆಗೂ ದಕ್ಕುವುದು ಮೀನು ಲಾರಿಯ ಟಾರ್ಪಾಲು ಮತ್ತು ಚಾಲಕನ ಆಶೀರ್ವಚನ. ಬೆಳಗ್ಗೆ ಘಟ್ಟದ ಹಿಂದಿನಿಂದ ಸೂರ್ಯ ಎದ್ದು ನದಿಯ ನೀರು ಬಣ್ಣ ತಳೆಯುವ ಹೊತ್ತಿಗೆ ಅಲ್ಲಿ ಯಾರೂ ಇರುವುದಿಲ್ಲ, ಏಕೆಂದರೆ ಚುರುಮುರಿ ಗಾಡಿ ಇನ್ನೂ ಬಂದಿರುವುದಿಲ್ಲ.

ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದ ಶಿಲಾಸ್ತಂಭಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರ್ ಕೂಡ ಅಂಟಿಕೊಂಡಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಕುಗ್ಗಿ ಸೀಳಿದ್ದರಿಂದ ಆದವು. ಅಷ್ಟು ಹಳೆಯ ಕಾಮಗಾರಿಯ ಮೂಲೆಗಳು ಇಂದಿಗೂ ಚೂಪಾಗಿವೆ. ಶಂಕುಸ್ಥಾಪನೆಯ ಫಲಕವೊಂದರ ಕೊರತೆಯಿದೆಯಷ್ಟೆ. 1901ರ ಕಾಪು ದೀಪಸ್ತಂಭ ಬೋರ್ಡಿನ ಹಂಗಿಲ್ಲದೆ ಮಿನುಗುತ್ತಿರುವುದೂ ಶಿಸ್ತುಕ್ರಮಕ್ಕೆ ಯೋಗ್ಯವಾದ ವಿಷಯವೇ.

ಇಷ್ಟಾದರೂ ಒಂದು ವರ್ಗಕ್ಕೆ ಅನ್ಯಾಯವಾಗಿದೆ. ಮೀನು ಹಿಡಿದು ದಡಕ್ಕೆ ಮರಳುವವರಿಗೆ ತಮ್ಮ ಊರಿನ ಹೆಸರು ಉಲ್ಟಾ ಕಾಣುತ್ತದೆ. ಆದ್ದರಿಂದ ಕಡಲಿನ ಕಡೆಗೂ ಅಕ್ಷರ ಜೋಡಿಸುವ ಎರಡನೇ ಹಂತದ ಕಾಮಗಾರಿಗೆ ಮಳೆಗಾಲಕ್ಕೆ ಮುಂಚೆಯೇ ಅಂದಾಜುಪಟ್ಟಿ ಸಿದ್ಧಪಡಿಸಿ, ಮಳೆಗಾಲದಲ್ಲಿ ಅದು ಕೊಚ್ಚಿಹೋದ ಬಳಿಕ ಮೂರನೇ ಹಂತಕ್ಕೆ ಟೆಂಡರ್ ಕರೆಯಬೇಕಾಗಿ ವಿನಂತಿ.