ಶೇಕಡಾ 15ರ ಕುದುರೆಲಾಯ

ಕಾರಿನ ಶಕ್ತಿಯನ್ನು ಅಳೆಯುವ ಯಂತ್ರವಾದ ಡೈನೋದ ರೋಲರುಗಳ ಮೇಲೆ ಕಾರನ್ನು ಓಡಿಸಿದಾಗ ಚಕ್ರದಲ್ಲಿ 200 ಅಶ್ವಶಕ್ತಿ ದೊರೆತರೆ, ಮಾಲೀಕರು ಅಷ್ಟಕ್ಕೇ ಸಮಾಧಾನಪಟ್ಟು ಮನೆಗೆ ಹೋಗುವುದಿಲ್ಲ. ಎಂಜಿನ್ನಿನಿಂದ ಹೊರಟ ಕುದುರೆಗಳಲ್ಲಿ ಕೆಲವು ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟಯರುಗಳ ದಾರಿಯಲ್ಲಿ ಕಳೆದುಹೋಗುವುದು ನಿಜವೇ. ಎಷ್ಟು ಕಳೆದವೆಂದು ಎಣಿಸುವ ಗೋಜಿಗೆ ಮಾತ್ರ ಯಾರೂ ಹೋಗದೆ, ಗುರುಮುಖೇನ ಬಂದ ಮಂತ್ರದಂತೆ ಶೇಕಡಾ 15 ಎಂದುಬಿಡುತ್ತಾರೆ. ಚಕ್ರದ 200ನ್ನು 0.85ರಿಂದ ಭಾಗಿಸಿದರೆ ಎಂಜಿನ್ನಿಗೆ 235. ಭಾಗಾಕಾರದ ಬದಲು 1.15ರಿಂದ ಗುಣಿಸಿದ ಸಾಧುಗಳಿಗೆ 230 ಮಾತ್ರ; ಪಾಪ, ಲೆಕ್ಕ ತಪ್ಪಿದ್ದಕ್ಕೆ ಐದು ಕುದುರೆ ದಂಡ. ಉದಾರ ಮನಸ್ಸಿನವರು ನಷ್ಟವನ್ನು ಶೇಕಡಾ 20ಕ್ಕೆ ಏರಿಸಿ 250 ಕುದುರೆಗಳ ಒಡೆಯರಾಗುತ್ತಾರೆ. ನಷ್ಟ ಹೆಚ್ಚಿದಷ್ಟೂ ಸಿರಿವಂತರಾಗುವ ಇಂಥ ವ್ಯವಹಾರ ಬೇರೆಲ್ಲೂ ಸಿಗದು.

ಸೂತ್ರದ ಪೂರ್ಣ ಮಹಿಮೆ ತಿಳಿಯುವುದು ಹೆಚ್ಚು ಗಾಳಿ ತುರುಕುವ ಟರ್ಬೊ ಕೂರಿಸಿ ಎಂಜಿನ್ನನ್ನು 200ರಿಂದ 400 ಅಶ್ವಶಕ್ತಿಗೆ ಏರಿಸಿದಾಗ. ಅದೇ ಗೇರ್‌ಬಾಕ್ಸ್, ಅದೇ ಆಯಿಲ್, ಅದೇ ಬೇರಿಂಗ್. ಆದರೆ ನಿನ್ನೆ 30 ಕುದುರೆ ನುಂಗುತ್ತಿದ್ದದ್ದು ಇಂದು 60 ನುಂಗಲೇಬೇಕು, ಇಲ್ಲವಾದರೆ ಮಂತ್ರ ಸುಳ್ಳಾಗುತ್ತದೆ. ಗೇರಿನ ಹಲ್ಲುಗಳ ಘರ್ಷಣೆ ಹೊರೆಯೊಂದಿಗೆ ಏರುತ್ತದೆಂಬುದನ್ನು ಒಪ್ಪೋಣ. ಆಯಿಲನ್ನು ಕಡೆಯಲು ಖರ್ಚಾಗುವ ಶಕ್ತಿಯಾದರೋ ತಿರುಗುವ ವೇಗವನ್ನು ಕೇಳುತ್ತದೆಯೇ ಹೊರತು ಎಂಜಿನ್ನಿನ ಪ್ರತಾಪವನ್ನಲ್ಲ. 60 ಅಶ್ವಶಕ್ತಿಯೆಂದರೆ ಸುಮಾರು 45 ಕಿಲೋವಾಟ್ ಶಾಖ. ಟಯರಿನ ಪಾಲನ್ನು ಕಳೆದರೂ ಉಳಿದ ಬೆಂಕಿಯನ್ನು ಗೇರ್‌ಬಾಕ್ಸ್ ಎಲ್ಲಿ ಬಚ್ಚಿಟ್ಟುಕೊಂಡಿದೆಯೆಂದು ಕೇಳುವವರನ್ನು ಅರಸಿಕರೆಂದು ಕರೆಯುವುದು ರೂಢಿ.

ಇಷ್ಟೂ ಸಾಲದವರಿಗೆ, ಓಟದ ದಿನದ ಗಾಳಿಯ ಬದಲು ಮಾನದಂಡದ ಗಾಳಿಯಿದ್ದಿದ್ದರೆ ಎಷ್ಟು ಶಕ್ತಿ ಬರುತ್ತಿತ್ತೆಂದು ಲೆಕ್ಕ ಹಾಕುವ ಹವಾಮಾನದ ತಿದ್ದುಪಡಿಯಿದೆ. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ1349 ಮಾನದಂಡ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಗೆ ಲೆಕ್ಕ ಹೊಂದಿಸುತ್ತದೆ. ಅದಕ್ಕಿಂತ ಹಳೆಯ ಮಾನದಂಡ ಇನ್ನೂ ತಂಪಾದ, ಸಾಂದ್ರವಾದ ಗಾಳಿಯನ್ನು ಊಹಿಸಿಕೊಳ್ಳುವುದರಿಂದ ಅದೇ ಓಟಕ್ಕೆ ಸುಮಾರು ಶೇಕಡಾ 4ರಷ್ಟು ಹೆಚ್ಚು ತೋರಿಸುತ್ತದೆ. ಯಾವುದನ್ನು ಮುದ್ರಿಸಿಕೊಳ್ಳುತ್ತಾರೆಂದು ಬೇರೆ ಹೇಳಬೇಕೆ? ಗಾಳಿಯ ಉಷ್ಣತೆ ಅಳೆಯುವ ಸೆನ್ಸರನ್ನು ಬಿಸಿ ರೇಡಿಯೇಟರಿನ ಪಕ್ಕದಲ್ಲಿಟ್ಟರೆ, ಎಂಜಿನ್ ಸೆಕೆಯಲ್ಲಿ ಬಳಲಿತೆಂದು ಕರುಣೆ ತಳೆದು ಯಂತ್ರವೇ ಮತ್ತಷ್ಟು ಕುದುರೆಗಳನ್ನು ದಾನ ಮಾಡುತ್ತದೆ.

ನಷ್ಟವನ್ನು ಅಳೆಯುವ ದಾರಿ ಇಲ್ಲವೆಂದಲ್ಲ. ಓಟ ಮುಗಿದೊಡನೆ ಕ್ಲಚ್ ಒತ್ತಿ, ರೋಲರುಗಳು ಯಾವ ಗತಿಯಲ್ಲಿ ನಿಧಾನವಾಗುತ್ತವೆಂದು ನೋಡಿದರೆ ಗೇರ್‌ಬಾಕ್ಸಿನಿಂದ ಟಯರಿನವರೆಗಿನ ದಾರಿಯ ಎಳೆತ ಎಷ್ಟೆಂಬುದು ಒಂದು ಮಟ್ಟಿಗೆ ತಿಳಿಯುತ್ತದೆ. ಹೊರೆಯಿಲ್ಲದ ಅಳತೆಯಾದ್ದರಿಂದ ಅದೂ ಅಪೂರ್ಣವೇ. ಆದರೆ ಅಳೆದ ನಷ್ಟ ಕಡಿಮೆ ಬಂದರೆ ಎಂಜಿನ್ನಿನ ಕುದುರೆಗಳೂ ಕಡಿಮೆಯಾಗುತ್ತವಲ್ಲ. ಕ್ಲಚ್ ಒತ್ತುವ ಹೊತ್ತಿಗೆ ಮಾಲೀಕರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡಿರುತ್ತಾರೆ.